ಬೆನ್ನಿನ ಬಾಸುಂಡೆ ನೋಡಿದ ನರ್ಸಮ್ಮ

ಮೊನ್ನೆ ಮೊಮ್ಮಗಳು ಬಿದ್ದು ಮಂಡಿ ತರಚಿಕೊಂಡಳು. ಟಿಂಚರ್ ಹಚ್ಚೋಣವೆಂದು ಸೀಸೆಯ ಮುಚ್ಚಳ ತೆಗೆದೆ ನೋಡಿ, ಆ ಘಾಟಿಗೆ ನಮ್ಮೂರಿನ ನರ್ಸಮ್ಮ ಕಣ್ಣ ಮುಂದೆ ಬಂದು ನಿಂತರು. ದಬ್ಬೇಘಟ್ಟದಿಂದ ಇನ್ನೂ ಒಳಕ್ಕಿರುವ ಊರು ನಮ್ಮದು. ಎಪ್ಪತ್ತರ ದಶಕದ ಕೊನೆ ಇರಬೇಕು... ಎರಡು ಕೋಣೆಯ ಸರ್ಕಾರಿ ಆಸ್ಪತ್ರೆ. ಡಾಕ್ಟರು ವಾರಕ್ಕೊಮ್ಮೆ ಬಂದರೆ ನಮ್ಮ ಪುಣ್ಯ, ಮಿಕ್ಕ ದಿನವೆಲ್ಲ ನರ್ಸಮ್ಮನದೇ ರಾಜ್ಯಭಾರ. ನಾನು ಅಲ್ಲಿ ಗುಮಾಸ್ತ. ರಿಜಿಸ್ಟರ್ ಬರೆಯುವುದು, ಅವರಿಂದ ಬೈಸಿಕೊಳ್ಳುವುದು, ಇವೆರಡೇ ನನ್ನ ಕೆಲಸ.

ಒಂದು ಬೆಳಿಗ್ಗೆ ನಮ್ಮ ಚಿಕ್ಕಪ್ಪ ಎತ್ತಿನಗಾಡಿಯಲ್ಲಿ ಒಬ್ಬನನ್ನು ಮಲಗಿಸಿಕೊಂಡು ಬಂದ. ನಮ್ಮ ತೋಟದಲ್ಲೇ ಕಾಯಿ ಕೀಳುತ್ತಿದ್ದವನು, ಊರಾಚೆಯ ಕೇರಿಯವನು. ಮರದಿಂದ ಬಿದ್ದಿದ್ದಾನೆ, ಬರೆದುಕೋ ಎಂದ ಚಿಕ್ಕಪ್ಪ. ಬರೆದೂಬಿಟ್ಟೆ. ನಮ್ಮ ಸೀಮೆಯಲ್ಲಿ ತೆಂಗಿನಮರದಿಂದ ಬೀಳುವುದೇನು ಹೊಸದೇ?

ನರ್ಸಮ್ಮ ಅವನ ಅಂಗಿ ಬಿಚ್ಚಿ ಎದೆ ನೋಡಿದರು, ತೋಳಿನ ಒಳಭಾಗ ನೋಡಿದರು. ಜಾರುವವನು ಮರವನ್ನು ತಬ್ಬಿಕೊಳ್ಳುತ್ತಾನೆ, ಎದೆ ತೋಳು ಕಿತ್ತುಹೋಗಿರುತ್ತವೆ. ಇವನಿಗೆ ಅಲ್ಲೊಂದು ಗೀರೂ ಇರಲಿಲ್ಲ. ಮಗ್ಗುಲಾಗಿಸಿದರೆ ಬೆನ್ನ ತುಂಬ ಬಾಸುಂಡೆ...

ನನ್ನೊಬ್ಬನನ್ನು ಬಿಟ್ಟು ಬಂದವರನ್ನೆಲ್ಲ ಹೊರಗಟ್ಟಿ, ಅವನಿಗೆ ನೀರು ಕುಡಿಸಿ, ಏನಾಯಿತೆಂದು ಕೇಳಿದರು. ಊರಿನ ಹೋಟೆಲಿನಲ್ಲಿ ಅವನ ಕೇರಿಯವರನ್ನು ಹೊರಗೆ ನಿಲ್ಲಿಸಿ ತೆಂಗಿನ ಚಿಪ್ಪಿನಲ್ಲಿ ಕಾಫಿ ಕೊಡುತ್ತಿದ್ದರು. ಅವತ್ತು ಅವನು ಒಳಗೆ ಹೋಗಿ ಬೆಂಚಿನ ಮೇಲೆ ಕೂತು, ಲೋಟದಲ್ಲಿ ಕೊಡಿ ಎಂದಿದ್ದ. ಜಾತಿ ಹಿಡಿದು ಬೈದು ಹೊಡೆದಿದ್ದರು. ಹೊಡೆದವರಲ್ಲಿ ಚಿಕ್ಕಪ್ಪನೂ ಇದ್ದ.

ಚಿಕ್ಕಪ್ಪ ಕಿಟಕಿಯ ಹತ್ತಿರ ಬಂದು, "ಏನೋ ಒಂದೆರಡು ಏಟು ಬುಟ್ವಿ ಕಣಮ್ಮ. ಊರ ಜಗಳ, ದೊಡ್ಡದು ಮಾಡಬ್ಯಾಡಿ" ಎಂದ.

"ನಿಮ್ಮ ಮಗ ಅದೇ ಬೆಂಚಿನ ಮೇಲೆ ಕೂತಿದ್ರೆ ಹೊಡೀತಿದ್ರಾ?" ಎಂದರು ನರ್ಸಮ್ಮ. ಚಿಕ್ಕಪ್ಪ ಮುಖ ಆಚೆ ತಿರುಗಿಸಿದ. "ಹಂಗಾದ್ರೆ ಇದು ಜಗಳ ಅಲ್ಲ ಕಣಪ್ಪ. ಯಾವ ಜಾತಿ ಅಂತ ನೋಡಿ ಹೊಡ್ದಿದ್ದೀರಿ. ಹಂಗೇ ಬರೀತೀವಿ."

ಬರೆದದ್ದನ್ನು ಹೊಡೆದುಹಾಕಿ ಸರಿಯಾಗಿ ಬರಿ ಎಂದು ನನಗೆ ಹೇಳಿದರು. ನನ್ನ ಕೈ ಏಳಲಿಲ್ಲ. ಪೆನ್ನು ಕಿತ್ತುಕೊಂಡು ತಾವೇ ಬರೆದರು. ಮಧ್ಯಾಹ್ನದ ಬಸ್ಸಿಗೆ ಅವನನ್ನು ಕರೆದುಕೊಂಡು ಪೇಟೆಯ ಠಾಣೆಗೆ ಹೋದರು. ರಾಜಿ ಮಾಡಿಕೊಳ್ಳಿ ಎಂದು ಪೊಲೀಸರು ಸಂಜೆಯವರೆಗೆ ಕೂರಿಸಿದರಂತೆ. ಇವರು ಜಗ್ಗಲಿಲ್ಲವಂತೆ. ಕೊನೆಗೆ ಕಂಪ್ಲೇಂಟ್ ಬರೆದುಕೊಂಡರು.

ಊರು ಸುಮ್ಮನಿರುತ್ತದೆಯೇ? ನರ್ಸಮ್ಮನಿಗೆ ದಿನಾ ಮನೆಗೆ ಬರುತ್ತಿದ್ದ ವರ್ತನೆ ಹಾಲು ನಿಂತಿತು. ಅಂಗಡಿಯಲ್ಲಿ ಸಾಮಾನು ಇಲ್ಲವೆಂದರು. ಆರು ತಿಂಗಳೊಳಗೆ ವರ್ಗವೂ ಆಯಿತು. ಕೇಸು ಮಾತ್ರ ನಡೆಯಿತು. ಇದೆಲ್ಲ ನರ್ಸ್ ಕಟ್ಟಿದ ಕತೆ ಎಂದರು ಚಿಕ್ಕಪ್ಪನ ವಕೀಲರು. ಹೊಡೆದದ್ದು ನಿಜವೆಂದು ಚಿಕ್ಕಪ್ಪನೇ ಒಪ್ಪಿಕೊಂಡದ್ದನ್ನು ನರ್ಸಮ್ಮ ಮತ್ತು ಅವನನ್ನು ಬಿಟ್ಟರೆ ಕೇಳಿಸಿಕೊಂಡವನು ನಾನೊಬ್ಬನೇ. ಕೇಸು ನನ್ನ ಮಾತಿನ ಮೇಲೆ ನಿಂತಿತ್ತು. ಸಾಕ್ಷಿಗೆ ಹೋಗುವ ಹಿಂದಿನ ದಿನ, ಚಿಕ್ಕಪ್ಪನ ವಿರುದ್ಧ ಹೇಳಕೂಡದೆಂದು ಅಪ್ಪ ಊಟ ಬಿಟ್ಟು ಕೂತರು. ಮಾರನೆಯ ದಿನ ಕಟಕಟೆಯಲ್ಲಿ ನಿಂತು, "ನೆನಪಿಲ್ಲ ಸ್ವಾಮಿ" ಎಂದೆ.

ತೀರ್ಪಿನ ದಿನ ಹೊಡೆದವರೆಲ್ಲರೂ ಬಿಡುಗಡೆಯಾದರು. ನರ್ಸಮ್ಮ ಅವನ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಹಿಂದೆಯೇ ಓಡಿಹೋಗಿ ಕಾಲಿಗೆ ಬೀಳಬೇಕಿತ್ತು. ಹೇಡಿ ನಾನು, ಚಿಕ್ಕಪ್ಪ ಕೊಡಿಸಿದ ಕಾಫಿ ಕುಡಿದೆ.

ಏಟು ತಿಂದ ಅವನು ಸತ್ತು ಹತ್ತು ವರ್ಷವಾಯಿತು. ನರ್ಸಮ್ಮನೂ ಹೋದ ವರ್ಷ ಹಾಸನದ ಕಡೆ ತೀರಿಕೊಂಡರೆಂದು ಯಾರೋ ಹೇಳಿದರು. ತಪ್ಪಾಯಿತೆಂದು ಹೇಳಿಕೊಳ್ಳೋಣವೆಂದರೆ ಈಗ ಇಬ್ಬರೂ ಇಲ್ಲ. ಚಿಕ್ಕಪ್ಪ ಅಂದು ಆಡಿದ ಒಂದೊಂದು ಮಾತೂ ನನಗೆ ನೆನಪಿದೆ. ಆಗಲೂ ಇತ್ತು.