ನಾನು ತೆಗೆಸಿದ ಹೊಸ್ತಿಲು

2022ರ ಬೇಸಿಗೆಯ ಮಾತು. ರಾಮದುರ್ಗದಲ್ಲಿ ನನ್ನ ಫಿಸಿಯೋಥೆರಪಿ ಕೇಂದ್ರ. ಮಂಗಳವಾರ, ಶುಕ್ರವಾರ ಮಾತ್ರ ಸವದತ್ತಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಗಿತ್ತು. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವ ಚಟ ಆಗಲೇ ಮೈಗೂಡಿತ್ತು. ಇಷ್ಟು ವರ್ಷಗಳಲ್ಲಿ ಖುಷಿಗೆ ಗಟ್ಟಿಯಾಗಿ ಕಿರುಚಿದ್ದು ಒಂದೇ ಸಲ, ಅದೂ ಬೇರೆಯವರ ಅಡುಗೆಮನೆಯಲ್ಲಿ.

ನನ್ನ ರೋಗಿ ನೀಲವ್ವ ಸವದತ್ತಿ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುವಾಕೆ. ವಯಸ್ಸು ಅರವತ್ತೊಂದು. ನಾಲ್ಕು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಬಲಗೈ ನಡುಗುತ್ತಿತ್ತು, ಹೆಜ್ಜೆ ಚಿಕ್ಕದಾಗಿತ್ತು. ಬೆಳಗಾವಿಯ ನರರೋಗ ತಜ್ಞರು ಬರೆದ ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದಳು. ಹಾಗಿದ್ದೂ ಒಲೆಯಿಂದ ಇಳಿದ ರೊಟ್ಟಿಯನ್ನು ಊಟಕ್ಕೆ ಕೂತವರ ತಾಟಿಗೆ ತಾನೇ ಒಯ್ದು ಹಾಕಬೇಕು. ಇಪ್ಪತ್ತಾರು ವರ್ಷ ಹಾಗೇ ನಡೆಸಿದ್ದಳು. ಮಗ ಬಸವರಾಜ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಬಸವರಾಜ ನನ್ನನ್ನು ಖಾನಾವಳಿಯೂ ಆಗಿದ್ದ ತಮ್ಮ ಮನೆ ನೋಡಲು ಕರೆದಿದ್ದ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ನಾಲ್ಕು ಬೆರಳು ಎತ್ತರದ ಕಟ್ಟಿಗೆಯ ಹೊಸ್ತಿಲು. ನೋಡಿದ್ದೇ ತಡ, ಅಪ್ಪಣೆ ಹೊರಡಿಸಿದೆ: "ಮೊದಲ ಇದನ್ನ ಕೀಳಸ್ರಿ. ಎಡವಿ ಬಿದ್ದು ಸೊಂಟದ ಎಲುಬು ಮುರದ್ರ ಏನ್ ಮಾಡ್ತೀರಿ?" ಆತ ಒಳ್ಳೆಯ ಮಗ. ಹೊಸ್ತಿಲು ಕೀಳಿಸಿದ್ದಲ್ಲದೆ, ಹಳೆಯ ಕಲ್ಲಿನ ನೆಲವನ್ನೂ ತೆಗೆಸಿ, ಉದ್ದಕ್ಕೂ ಸಮನಾಗಿ ದೊಡ್ಡ ಬಿಳಿ ಟೈಲ್ಸ್ ಹಾಕಿಸಿದ. ಫೋನಿನಲ್ಲಿ ಫೋಟೋ ಕಳಿಸಿದಾಗ ನಾನು ಶಹಬ್ಬಾಸ್ ಅಂದಿದ್ದೆ.

ಏಪ್ರಿಲ್‌ನ ಒಂದು ಶುಕ್ರವಾರ ಆತ ತಾಯಿಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಯೊಂದಿದೆ. ಜನವರಿಯಲ್ಲಿ ಆಕೆಗೆ ಹತ್ತೊಂಬತ್ತು ಸೆಕೆಂಡ್ ಹಿಡಿದಿತ್ತು; ಅಂದು ಎಪ್ಪತ್ನಾಲ್ಕು. ನಡುವೆ ಮೂರು ಸಲ ನಿಂತಲ್ಲೇ ನಿಂತಳು. ಮೈ ಮುಂದಕ್ಕೆ ಬಾಗುತ್ತಿತ್ತು, ಪಾದಗಳು ಮಾತ್ರ ಅಲ್ಲೇ ತಟಪಟ ನಡುಗುತ್ತಿದ್ದವು.

"ಕಾಲು ನೆಲಕ್ಕ ಅಂಟಿಸಿದಂಗ ಆಗ್ತಾವ್ರಿ, ಮೇಡಂ. ಎತ್ತಬೇಕಂತೇನಿ, ಏಳವಲ್ಲವು," ಅಂದಳು.

ನಾನು ಗದರಿಸಿದೆ. ವ್ಯಾಯಾಮ ಬಿಟ್ಟಿರಬೇಕು, ಗುಳಿಗೆ ತಪ್ಪಿಸಿರಬೇಕು ಎಂದೆಲ್ಲ. ಪಾಪ, ಎರಡೂ ಸುಳ್ಳು. ಬಸವರಾಜ ಸಣ್ಣ ದನಿಯಲ್ಲಿ ಹೇಳಿದ: "ಬರೋ ಸೋಮವಾರ ಖಾನಾವಳಿ ಕಟಕೋಳದವರೊಬ್ಬರಿಗೆ ಬಿಟ್ಟುಕೊಡಾಕ ಮಾತಾಗೇತ್ರಿ. ಅವ್ವನ ಕೈಲೆ ಇನ್ನ ಆಗೂದಿಲ್ಲ." ನೀಲವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಒಂದೇ ಮಾತು ಬಂತು: "ರೊಟ್ಟಿ ಬಡಿಯೂದ ಬಿಟ್ರ ನಾ ಯಾರ್ರಿ?"

ಆತ ಆಟೋ ತರಲು ಹೋದ. ನನ್ನ ಕೋಣೆಯಿಂದ ರಸ್ತೆಗೆ ನಾಲ್ಕು ಮೆಟ್ಟಿಲು. ಇಲ್ಲೇ ಬೀಳುತ್ತಾಳೆ ಎಂದು ಹೆದರಿ ಆಕೆಯ ರಟ್ಟೆ ಬಿಗಿಯಾಗಿ ಹಿಡಿದೆ. ಆಕೆ ಟಕ್ ಟಕ್ ಎಂದು ನಾಲ್ಕೂ ಮೆಟ್ಟಿಲು ಇಳಿದುಬಿಟ್ಟಳು! ಸಪಾಟು ರಸ್ತೆಗೆ ಬಂದದ್ದೇ ಮತ್ತೆ ಕಾಲುಗಳು ನೆಲಕ್ಕೆ ಕಚ್ಚಿಕೊಂಡವು. ನನಗೆ ನಂಬಿಕೆಯಾಗಲಿಲ್ಲ. "ಇನ್ನೊಮ್ಮೆ ಹತ್ತರಿ," ಅಂದೆ. ಹತ್ತಿದಳು. "ಇಳೀರಿ." ಇಳಿದಳು. ಮೂರನೆಯ ಸಲಕ್ಕೆ ಆಕೆಗೆ ಸಿಟ್ಟು ಬಂತು: "ಹುಚ್ಚು ನನಗ ಹಿಡದೈತೋ ನಿಮಗ ಹಿಡದೈತೋ?" ಎದುರಿನ ಪಾನ್ ಅಂಗಡಿಯವನು ಕೆಲಸ ಬಿಟ್ಟು ನೋಡುತ್ತಿದ್ದ. ನನಗೋ ಖುಷಿಯೋ ಖುಷಿ.

ಯಾಕೆಂದು ಹೇಳುತ್ತೇನೆ. ನಾವು ನಡೆಯುವಾಗ ಮಿದುಳು ಒಂದೊಂದು ಹೆಜ್ಜೆಗೂ ಅಪ್ಪಣೆ ಕೊಡುತ್ತ ಕೂರುವುದಿಲ್ಲ. ಎಡಗಾಲು, ಬಲಗಾಲು ಎಂಬ ತಾಳವನ್ನು ಹುಟ್ಟಿಸುವ ನರಜಾಲ ಬೆನ್ನುಹುರಿಯಲ್ಲೇ ಇದೆ. ಅದಕ್ಕೆ ಸೆಂಟ್ರಲ್ ಪ್ಯಾಟರ್ನ್ ಜನರೇಟರ್ ಎನ್ನುತ್ತೇವೆ. ಮಿದುಳಿನಿಂದ ಹೊರಡು, ನಿಲ್ಲು, ತಿರುಗು ಎಂಬ ಸೂಚನೆ ಬಂದರೆ ಸಾಕು. ಆ 'ಹೊರಡು' ತಾನಾಗಿ ಕೆಳಗಿಳಿಯುವಂತೆ ನೋಡಿಕೊಳ್ಳುವುದು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ. ಪಾರ್ಕಿನ್ಸನ್‌ನಲ್ಲಿ ಕೆಡುವುದು ಅದೇ. ನೀಲವ್ವನ ಕಾಲಿಗೆ ಶಕ್ತಿಯಿತ್ತು, ಬೆನ್ನುಹುರಿಯೂ ಸರಿಯಿತ್ತು; ಸೂಚನೆ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆದರೆ ಕಣ್ಣಿಗೆ ದಾಟಬೇಕಾದದ್ದೇನಾದರೂ ಕಂಡರೆ ಮಿದುಳಿನ ಹೊರಪದರ ಮುಂದಾಗಿ, ಬೇರೆ ದಾರಿಯಿಂದ, ಬೇಕೆಂದೇ ಹೆಜ್ಜೆ ಇಡಿಸುತ್ತದೆ. ಇದನ್ನೆಲ್ಲ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಕಣ್ಣಾರೆ ಕಂಡದ್ದು ಅವತ್ತೇ.

ಬಸವರಾಜ ತಂದ ಆಟೋದಲ್ಲೇ ನಾನೂ ಅವರ ಜೊತೆ ಖಾನಾವಳಿಗೆ ಹೋದೆ. ನೀಲವ್ವ ಅಡುಗೆಮನೆಯ ಬಾಗಿಲಿಗೆ ಬಂದು, ಹೊಳೆಯುವ ಬಿಳಿ ನೆಲದ ಮೇಲೆ ಗಕ್ಕನೆ ನಿಂತಳು.

"ಮೊದಲ ಇಲ್ಲಿ ಹೆಂಗ ದಾಟತಿದ್ರಿ?" ಕೇಳಿದೆ.

"ಹೊಸ್ತಿಲಾ ತುಳೀಬಾರದಲ್ರಿ, ಕಾಲೆತ್ತಿ ದಾಟತಿದ್ನಿ. ಈಗ ದಾಟಾಕ ಏನೈತಿ ಇಲ್ಲಿ?"

ಹುಟ್ಟಿದಾಗಿನಿಂದ ಹೊಸ್ತಿಲ ಮುಂದೆ ಬಂದೊಡನೆ ಕಾಲೆತ್ತಿ ರೂಢಿಯಾದ ಹೆಣ್ಣುಮಗಳು. ದಿನಕ್ಕೆ ನೂರು ಸಲ ಆ ಹೊಸ್ತಿಲೇ ಆಕೆಗೆ 'ಹೊರಡು' ಎನ್ನುತ್ತಿತ್ತು. ಕಲ್ಲುಗಳ ನಡುವಿನ ಗೆರೆಗಳೂ ಅದೇ ಕೆಲಸ ಮಾಡುತ್ತಿದ್ದವು. ಕಾಯಿಲೆ ಹೆಚ್ಚಾಗಿ ಅವು ಇನ್ನಷ್ಟು ಬೇಕಾಗಿದ್ದ ಹೊತ್ತಿನಲ್ಲೇ ಎರಡನ್ನೂ ಅಳಿಸಿದ್ದು ನನ್ನ ಅಪ್ಪಣೆ, ನನ್ನ ಶಹಬ್ಬಾಸ್.

ಕೈಗೆ ಸಿಕ್ಕಿದ್ದು ಪರಾತದಲ್ಲಿದ್ದ ಜೋಳದ ಹಿಟ್ಟು. ಮುಷ್ಟಿ ತುಂಬಿಕೊಂಡು ಬಾಗಿಲಿಗೆ ಅಡ್ಡಲಾಗಿ ಒಂದು ಗೆರೆ ಎಳೆದೆ. ಅಲ್ಲಿಂದ ಮೇಜಿನವರೆಗೆ, ಎರಡೆರಡು ಗೇಣಿಗೊಂದರಂತೆ, ಇನ್ನೂ ಹತ್ತು.

"ಅಯ್ಯ ಶಿವನ! ಹಿಟ್ಟು ತುಳಸ್ತೀರೇನ್ರಿ ನನ್ನ ಕೈಲೆ?" ನೀಲವ್ವ ಚೀರಿದಳು.

"ತುಳೀಬ್ಯಾಡ್ರಿ, ದಾಟ್ರಿ!"

ನಾನೊಂದು ಕಡೆ, ಬಸವರಾಜ ಒಂದು ಕಡೆ. ಆಕೆ ಗೆರೆ ನೋಡಿದಳು. ಕಾಲು ಎದ್ದಿತು. ಒಂದು ದಾಟಿದಳು, ಇನ್ನೊಂದು, ಮತ್ತೊಂದು. ದಾರಿಯುದ್ದಕ್ಕೂ ನನಗೆ ಬೈಗುಳ: ಅನ್ನದ ಬೆಲೆ ಗೊತ್ತಿಲ್ಲ, ಕಲಿತವರ ಹಣೆಬರಹವೇ ಇಷ್ಟು. ಹನ್ನೊಂದೂ ಗೆರೆ ಮುಗಿದು ಕೈ ಮೇಜಿಗೆ ತಾಗಿದಾಗಲೇ ಬೈಗುಳ ನಿಂತದ್ದು. ತಿರುಗಿ ತಾನು ಬಂದ ದಾರಿ ನೋಡಿದಳು. ಒಂದು ಗೆರೆಯೂ ಕೆಟ್ಟಿರಲಿಲ್ಲ. ನಾನು ಕಿರುಚಿದ್ದು ಆಗಲೇ. ಬಸವರಾಜ ಸೆರಗಿಲ್ಲದ ಗಂಡಸು, ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡ.

ಮರುದಿನ ನಾನು ರಾಮದುರ್ಗದ ಕೇಂದ್ರ ಮುಚ್ಚಿ ಬಂದೆ; ಹಿಟ್ಟಿನ ಜಾಗದಲ್ಲಿ ಹಳದಿ ಟೇಪು ಅಂಟಿಸಿದೆವು, ಬಾಗಿಲಿಗೆ ಅಗಲವಾದ ಕೆಂಪು ಪಟ್ಟಿ. ಗೆರೆಗಳ ಮೇಲೆ ಅದೇ ಮೂರು ಮೀಟರ್ ಪರೀಕ್ಷೆ ಇಪ್ಪತ್ತೆರಡು ಸೆಕೆಂಡಿಗೆ ಇಳಿಯಿತು. ಕಾಯಿಲೆ ವಾಸಿಯಾಗಲಿಲ್ಲ, ಅದು ಆಗುವುದೂ ಇಲ್ಲ. ಗುಳಿಗೆಯ ಶಕ್ತಿ ಇಳಿದ ಹೊತ್ತಿನಲ್ಲಿ ಆಕೆ ಕೂತೇ ಇರಬೇಕಾಗುತ್ತಿತ್ತು. ಆದರೆ ಸೋಮವಾರ ಕಟಕೋಳದವರು ಬಂದಾಗ ಅವರ ತಾಟಿಗೆ ಬಿಸಿ ರೊಟ್ಟಿ ಹಾಕಿದ್ದು ನೀಲವ್ವನೇ. ಅವರು ಊಟ ಮುಗಿಸಿ ಕೈ ತೊಳೆದು, "ಇನ್ನ ನಾವ್ಯಾಕ ಬೇಕ್ರಿ ಇಲ್ಲಿ?" ಎಂದು ನಗುತ್ತ ಬಸ್ ಹಿಡಿದರು.

ಅವತ್ತೂ ಕೇಂದ್ರಕ್ಕೆ ರಜೆ ಹಾಕಿ ಬಂದಿದ್ದ ನನಗೆ ಮಾತ್ರ ಊಟ ಸೇರಲಿಲ್ಲ. ಆಕೆಯ ಕೈ ಹಿಡಿದು ಹೇಳಿಯೇಬಿಟ್ಟೆ: "ನೀಲವ್ವಾರ, ಎರಡು ತಿಂಗಳು ನಿಮ್ಮ ಕಾಲು ಕಟ್ಟಿಹಾಕಿದಾಕಿ ನಾನ. ತಪ್ಪಾತು."

ಆಕೆ ಕೈ ಬಿಡಿಸಿಕೊಂಡು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ನಾ ಬೀಳಬಾರದಂತ ಮಾಡಿದ್ರಿ, ಬಿಡ್ರಿ. ಆದ್ರ ಅವತ್ತ ಬಂದಾಗ ಹೊಸ್ತಿಲಾ ನೋಡಿದ್ರಿ, ನಾ ಅದನ್ನ ಹೆಂಗ ದಾಟತೇನಿ ಅನ್ನೂದನ್ನ ನೋಡಲಿಲ್ಲ."

ಹದಿನೇಳು ವರ್ಷದ ನನ್ನ ವಿದ್ಯೆಯಲ್ಲಿ ಎಲ್ಲಿ ತೂತಿತ್ತು ಎಂಬುದನ್ನು ಆಕೆ ಒಂದೇ ಮಾತಿನಲ್ಲಿ ತೋರಿಸಿದ್ದಳು. ಈಗ ಯಾರ ಮನೆಗೆ ಹೋದರೂ, ಯಾವ ಸಲಹೆಯನ್ನೂ ಕೊಡುವ ಮುಂಚೆ, ಅವರು ನಡೆಯುವುದನ್ನು ಹತ್ತು ನಿಮಿಷ ಸುಮ್ಮನೆ ಕೂತು ನೋಡುತ್ತೇನೆ. ಬಾಯಿ ಮುಚ್ಚಿಕೊಂಡಿರುವುದು ನನ್ನಂಥವಳಿಗೆ ಬಲು ಕಷ್ಟ. ಆದರೂ ನೋಡುತ್ತೇನೆ.