ಅರಿಶಿನ ಬಿಟ್ಟ ಮನೆ

ತಿಂದ ಅರಿಶಿನವೆಲ್ಲ ರಕ್ತಕ್ಕೆ ಸೇರುತ್ತದೆ ಎಂದು ನಂಬಿದವರನ್ನು ಕಂಡರೆ ನನಗೆ ರೇಗುತ್ತದೆ. ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಅರಿಶಿನದ ಸತ್ವವನ್ನು ಕ್ಯಾಪ್ಸೂಲಿಗೆ ತುಂಬುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಚಮಚಗಟ್ಟಲೆ ನುಂಗಿದರೂ ರಕ್ತ ಸೇರುವುದು ತೀರಾ ಕಡಿಮೆ. ಕರುಳು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಂಡದ್ದನ್ನು ಲಿವರು ಬೇಗನೆ ಹೊರಗೆ ಹಾಕುತ್ತದೆ. ಹತ್ತು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡವರು ಒಬ್ಬರೇ, ಬ್ಲೆಂಡಿಂಗ್ ರೂಮಿನ ಮರಿಸ್ವಾಮಿ.

ಮರಿಸ್ವಾಮಿಗೆ ಐವತ್ತನಾಲ್ಕು. ಸೋಮನಾಥಪುರದ ಹತ್ತಿರದ ಹಳ್ಳಿಯವರು, ಬೆಳಗಿನ ಶಿಫ್ಟಿಗೆ ತಿ. ನರಸೀಪುರದಿಂದ ಕಂಪನಿ ವ್ಯಾನು ಹತ್ತಿ ಬರುತ್ತಿದ್ದರು. ಡ್ರಮ್ಮು ಬಿಚ್ಚಿ ಪುಡಿ ಸುರಿಯುವ ಕೆಲಸ. ಗ್ಲೌಸು, ಮಾಸ್ಕು ಏನು ಕೊಟ್ಟರೂ ಪುಡಿ ಒಳಗೆ ನುಗ್ಗುತ್ತಿತ್ತು. ಕತ್ತು, ಮುಂಗೈ, ಕಿವಿಯ ಹಿಂದೆ ಎಲ್ಲ ಹಳದಿ. "ಏನ್ರೀ ಮದುಮಗ, ಮುಹೂರ್ತ ಎಷ್ಟೊತ್ತಿಗೆ?" ಎಂದು ನಾವು ರೇಗಿಸಿದರೆ ನಗುತ್ತಿದ್ದರು. ಹೋದ ವರ್ಷ ಮಗಳು ತೀರಿಕೊಂಡ ಮೇಲೆ ನಾವು ರೇಗಿಸುವುದನ್ನು ನಿಲ್ಲಿಸಿದೆವು.

ಒಂದು ದಿನ ಟೀ ಹೊತ್ತಿನಲ್ಲಿ ಲ್ಯಾಬಿನ ಬಾಗಿಲಿಗೆ ಬಂದು ನಿಂತರು.

"ಅಮೃತೇಶ್ ಸಾ, ಬರೀ ಕ್ಯಾಪ್ಸೂಲು ನುಂಗುದ್ರೆ ರಕ್ತಕ್ಕೆ ಸೇರಾಕಿಲ್ಲ ಅಂತೀರಲ್ಲ, ಸೇರೋ ಅಂಗೆ ಮಾಡೋದು ಎಂಗೆ?"

ಕೇಳಿದ್ದೇ ತಡ, ಪಾಠ ಶುರುಮಾಡಿದೆ. ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ಜೊತೆ ನುಂಗಬೇಕು. ತುಪ್ಪವೋ ಎಣ್ಣೆಯೋ ಇರಲಿ, ಅರಿಶಿನದ ಸತ್ವ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಜೊತೆಗೆ ಕರಿಮೆಣಸು. ಮೆಣಸಿನ ಸತ್ವ ಲಿವರಿನ ಕೈ ಕಟ್ಟಿಹಾಕುತ್ತದೆ, ಅರಿಶಿನ ರಕ್ತದಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತದೆ.

"ಬೇರೆ ಮಾತ್ರೆ ತಗೊಳ್ಳೋರಾದ್ರೆ ಮಾತ್ರ ಹುಷಾರು ಕಣ್ರೀ. ಮೆಣಸು ಆ ಮಾತ್ರೇನೂ ಜಾಸ್ತಿ ಸೇರಿಸಿಬಿಡಬಹುದು. ಯಾರಿಗೆ?"

"ಮನೇಲಿ ಮಂಡಿ ನೋವು ಸಾ. ಬ್ಯಾರೆ ಏನೂ ತಕ್ಕಳಾಕಿಲ್ಲ."

ಅದೇ ವಾರ ಅಕ್ಕನ ಮನೆಗೆಂದು ನಾನೂ ನರಸೀಪುರಕ್ಕೆ ಆ ವ್ಯಾನಿನಲ್ಲೇ ಹೊರಟಿದ್ದೆ. ಪಕ್ಕದಲ್ಲಿ ಮರಿಸ್ವಾಮಿ. ಕಿಟಕಿಯ ಕಡೆ ಮುಖಮಾಡಿಕೊಂಡೇ ಎಲ್ಲವನ್ನೂ ಹೇಳಿದರು.

ಒಬ್ಬಳೇ ಮಗಳು, ಗೌತಮಿ. ಹತ್ತೊಂಬತ್ತು ವರ್ಷ, ಕಾಲೇಜಿಗೆ ಹೋಗುತ್ತಿದ್ದಳು. ಜ್ವರ ಬಂತು. "ಆಸ್ಪತ್ರೆಗೆ ಓಗುಮಾ ಅಪ್ಪ ಅಂದ್ಲು ಸಾ. ನಂಗೆ ಓಟಿ ಡ್ಯೂಟಿ ಇತ್ತು. ಅರಿಶಿನ ಆಲು ಕುಡ್ದು ಮನೀಕೊ, ನಾಳಿಕೆ ಓಗುಮಾ ಅಂದೆ. ಮೂರು ದಿನ ಅಂಗೇ ಅಂದೆ." ನಾಲ್ಕನೆಯ ದಿನ ಮೈಸೂರಿಗೆ ಕರೆದೊಯ್ದಾಗ ಡೆಂಗಿ ಕೈಮೀರಿತ್ತು.

ಅವರ ಕಡೆ ಸಾವಿನ ಮನೆಯ ಅಡುಗೆಗೆ ಅರಿಶಿನ ಹಾಕುವುದಿಲ್ಲ. ಹನ್ನೊಂದು ದಿನ ಕಳೆದ ಮೇಲೆ ಮತ್ತೆ ಹಾಕುತ್ತಾರೆ. ಮರಿಸ್ವಾಮಿಯ ಹೆಂಡತಿ ಚಿಕ್ಕಮಾದಮ್ಮ ಹಾಕಲಿಲ್ಲ. ಅರಿಶಿನ ಇದ್ದ ಕಡೆ ಸತ್ತವರು ಸುಳಿಯುವುದಿಲ್ಲ ಎಂಬುದು ಅವರ ತವರಿನ ನಂಬಿಕೆ. ಅಡುಗೆಮನೆಯ ಡಬ್ಬಿ ಖಾಲಿಮಾಡಿದರು, ಹಿತ್ತಲಲ್ಲಿದ್ದ ಅರಿಶಿನದ ಗಿಡಗಳನ್ನು ಗೆಡ್ಡೆ ಸಮೇತ ಕಿತ್ತು ಎಸೆದರು. ಆಮೇಲೆ ಗೌತಮಿ ಬರತೊಡಗಿದಳಂತೆ. ಬೆಳಗ್ಗೆ ಹನ್ನೊಂದರ ಬಿಸಿಲಿಗೆ ಬಂದು, ರುಬ್ಬುವ ಒಳಕಲ್ಲಿನ ಪಕ್ಕ ಕೂತು, ಕೂದಲು ಒಣಗಿಸಿಕೊಂಡು ಹೋಗುತ್ತಿದ್ದಳು.

"ಮನೇಲಿ ಬುದ್ಧನ ಪಟ ಇದೆ, ದೆವ್ವ ಗಿವ್ವ ನಂಬಲ್ಲ ಅಂತಿದ್ರಿ, ಈಗ ದೆವ್ವ ಅಂತೀರಲ್ರೀ!" ಎಂದೆ.

"ದೆವ್ವ ಅನ್ಬ್ಯಾಡಿ ಸಾ. ಮಗ್ಳು."

ಕಿಟಕಿಯಿಂದ ಮುಖ ತಿರುಗಿಸದೆಯೇ ಮುಂದುವರಿಸಿದರು.

"ನಾನು ಮನೇಲಿದ್ರೆ ಬರಾಕಿಲ್ಲ. ನಿನ್ ಮೈಯೆಲ್ಲ ಅರಿಶಿನ, ಅದ್ಕೇ ಬರಾಕಿಲ್ಲ ಅಂತಾಳೆ ಇವ್ಳು. ಮೂರ್ ಮೂರ್ ಸಲ ಸೋಪು ಆಕಿ ಉಜ್ಜುದ್ರೂ ಬರಾಕಿಲ್ಲ. ಇವ್ಳೋ, ಅನ್ನೊಂದು ಗಂಟೆ ತಪ್ಪೋಯ್ತದೆ ಅಂತ ಮನೆ ಬುಟ್ಟು ಕದಲಾಕಿಲ್ಲ. ಮಂಡಿ ಊದ್ಕಂಡದೆ, ಆಸ್ಪತ್ರೆಗೂ ಬರಾಕಿಲ್ಲ. ಸತ್ತೋಳು ಇದ್ದೋಳ್ನ ಎಳ್ಕಂಡು ಓಯ್ತಾವ್ಳೆ ಸಾ."

ಅದಕ್ಕೇ ಅವರು ನಮ್ಮ ಕಾರ್ಖಾನೆಯ ಬಿಳಿ ಹೊದಿಕೆಯ ಕ್ಯಾಪ್ಸೂಲನ್ನು ಮಂಡಿನೋವಿನ ಮಾತ್ರೆ ಎಂದು ಸುಳ್ಳು ಹೇಳಿ ಎರಡು ತಿಂಗಳಿಂದ ಹೆಂಡತಿಗೆ ಕೊಡುತ್ತಿದ್ದರು. ಅರಿಶಿನ ಮೈಗೆ ಸೇರಿದರೆ ಮಗಳು ಬರುವುದು ನಿಲ್ಲುತ್ತದೆ, ಹೆಂಡತಿ ಉಳಿಯುತ್ತಾಳೆ ಎಂಬ ಆಸೆ. ಮಗಳು ಬರುವುದು ನಿಂತಿರಲಿಲ್ಲ. ರಕ್ತಕ್ಕೆ ಸೇರುತ್ತಿಲ್ಲವೆಂದು ನನ್ನ ಹತ್ತಿರ ಬಂದಿದ್ದರು.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಸುಳ್ಳು ಹೇಳಿ ಕೊಡಬೇಡಿ ಎನ್ನಬೇಕಿತ್ತು, ಅದನ್ನೂ ಹೇಳಲಿಲ್ಲ. "ಮೆಣಸಿನ ಸಾರು ಮಾಡ್ಸಿ, ಅನ್ನಕ್ಕೆ ತುಪ್ಪ ಹಾಕ್ಸಿ, ಊಟದ ಜೊತೇಲೇ ಕೊಡಿ" ಎಂದೆ. ಆ ಪಾಪದಲ್ಲಿ ನನ್ನದೂ ಪಾಲಿದೆ.

ಮೆಣಸು, ತುಪ್ಪ ಸೇರಿದ ಒಂಬತ್ತನೆಯ ದಿನ ಗೌತಮಿ ಹೊಸ್ತಿಲಲ್ಲೇ ನಿಂತು, ಅಮ್ಮನನ್ನು ನೋಡಿ, ಒಳಗೆ ಕಾಲಿಡದೆ ಹೊರಟುಹೋದಳಂತೆ. ಮರುದಿನದಿಂದ ಬರಲೇ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಮಂಡಿಯ ಊತವೂ ಇಳಿಯಿತು. ಅರಿಶಿನಕ್ಕೋ, ದಿನಾ ಬಿಸಿಬಿಸಿ ಊಟ ಮಾಡಿದ್ದಕ್ಕೋ, ನಾನು ಹೇಳಲಾರೆ. ಆದರೆ ಗೆದ್ದೆವು ಎಂದು ಮನಸ್ಸಿನಲ್ಲೇ ಬೀಗಿದ್ದು ನಿಜ.

ಬೀಗಿದ್ದು ಹೆಚ್ಚು ದಿನ ಉಳಿಯಲಿಲ್ಲ. ಮಂಡಿ ವಾಸಿಯಾದ ಚಿಕ್ಕಮಾದಮ್ಮ ಮಗಳನ್ನು ಹುಡುಕಿಕೊಂಡು ಹೊರಟರು. ನಾಲೆಯ ಏರಿ, ಕಾಲೇಜು ಬಸ್ಸು ನಿಲ್ಲುವ ಜಾಗ, ಅವಳು ಓದಿಕೊಳ್ಳಲು ಕೂರುತ್ತಿದ್ದ ಸೋಮನಾಥಪುರದ ಗುಡಿಯ ಹುಲ್ಲುಹಾಸು, ಎಲ್ಲ ಕಡೆಯೂ ನಡೆದರು. ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಮಗಳ ಜಡೆ ಹಿಡಿದು ನಿಲ್ಲಿಸಿ, ಮುಖ ನೋಡಿ ಬಿಟ್ಟರಂತೆ. ಅದನ್ನು ಕೇಳಿ ತಡೆಯಲಾರದೆ ಮರಿಸ್ವಾಮಿ ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು.

ಆಕೆ ಕೂಗಾಡಲಿಲ್ಲವಂತೆ. "ಒಂದ್ಸಲ ನಿನ್ ಮಾತು ಕೇಳಿ ಕಳ್ಕಂಡೆ. ಇನ್ನೊಂದ್ಸಲ ನೀನೇ ಓಡುಸ್ಬುಟ್ಟೆ" ಎಂದಷ್ಟೇ ಹೇಳಿ ಎದ್ದುಹೋದರು.

"ನಿಜ ಯೋಳ್ಬೇಕು ಅಂದ್ರೆ ಒಟ್ಟೆಕಿಚ್ಚು ಸಾ," ಎಂದು ಮರಿಸ್ವಾಮಿ ನನ್ನ ಹತ್ತಿರ ಅತ್ತರು. "ಅವ್ಳಿಗೆ ಬತ್ತಾಳೆ, ನಂಗೆ ಬರಾಕಿಲ್ಲ. ಅದ್ಕೂ ಕೊಟ್ಟೆ." ಮುಖ ಒರೆಸಿಕೊಂಡು ಕೇಳಿದರು: "ನನ್ ಮೈಯಿಂದ ಅರಿಶಿನ ಪೂರ್ತಿ ಓಗಾಕೆ ಎಷ್ಟು ದಿನ ಬೇಕು?"

"ರಕ್ತದಿಂದ ಒಂದೆರಡು ದಿನ. ಚರ್ಮದಿಂದ ಎರಡು ಮೂರು ವಾರ. ಉಗುರಿಗೆ ಹತ್ತಿರೋದು ಮಾತ್ರ ಬೆಳೆದು, ಕತ್ತರಿಸಿ ಹೋಗ್ಬೇಕು. ನಾಲ್ಕೈದು ತಿಂಗಳು."

"ಅಷ್ಟೂ ಓಗ್ಲಿ. ಆಗ ಗೊತ್ತಾಯ್ತದೆ. ಅರಿಶಿನ ಅಂತ ಬರ್ತಿರ್ನಿಲ್ವಾ, ಆಸ್ಪತ್ರೆಗೆ ಕರ್ಕಂಡೋಗ್ನಿಲ್ಲ ಅಂತ ಸಿಟ್ಟಿಗೆ ಬರ್ತಿರ್ನಿಲ್ವಾ ಅಂತ."

ಮ್ಯಾನೇಜರನ್ನು ಕಾಡಿ ಬೇಡಿ ಅವರನ್ನು ರಟ್ಟಿನ ಡಬ್ಬಿ ಮಡಿಸುವ ಸೆಕ್ಷನ್ನಿಗೆ ಹಾಕಿಸಿದೆ. ಗಂಡ ಹೆಂಡತಿ ಇಬ್ಬರೂ ಅರಿಶಿನ ಬಿಟ್ಟರು. ಎರಡು ವಾರಕ್ಕೆ ಚಿಕ್ಕಮಾದಮ್ಮ ಊರು ಸುತ್ತುವುದು ನಿಂತಿತು. ಮಗಳು ಮತ್ತೆ ಬರುತ್ತಿದ್ದಾಳೆಂದು ತಿಳಿಯಿತು, ಮರಿಸ್ವಾಮಿ ಕೆಲಸಕ್ಕೆ ಬಂದ ದಿನಗಳಲ್ಲಿ ಮಾತ್ರ. ಅವರು ವಾರವಾರವೂ ಉಗುರು ಕತ್ತರಿಸಿಕೊಂಡು ಭಾನುವಾರಕ್ಕೆ ಕಾಯುತ್ತಿದ್ದರು.

ನಾಲ್ಕನೆಯ ತಿಂಗಳು ಒಂದು ಭಾನುವಾರ, ಮನಸ್ಸು ತಡೆಯದೆ ನಾನೇ ಅವರ ಮನೆಗೆ ಹೋದೆ. ಮರಿಸ್ವಾಮಿಯ ಕೈಗಳ ನಿಜವಾದ ಬಣ್ಣವನ್ನು ಹತ್ತಿರದಿಂದ ನೋಡಿದ್ದು ಅಂದೇ. ಚಿಕ್ಕಮಾದಮ್ಮ ಅಡುಗೆಮನೆಯಲ್ಲೇ ಮಣೆ ಹಾಕಿ ನಮ್ಮಿಬ್ಬರನ್ನೂ ಕೂರಿಸಿದರು. ಬಿಳಿಚಿಕೊಂಡ ಬೇಳೆಸಾರು, ಅನ್ನ. ಅವರೇ ಬಡಿಸುತ್ತಿದ್ದರು.

ಹನ್ನೊಂದಾಗಿರಬೇಕು. ಸೌಟು ಹಿಡಿದ ಕೈ ಹಾಗೇ ನಿಂತಿತು. ಆಕೆ ನನ್ನ ಹೆಗಲಾಚೆ ಬಾಗಿಲನ್ನು ನೋಡಿದರು. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು. ಆಮೇಲೆ ಗಂಡನ ಕಡೆ ಕಣ್ಣು ಹೊರಳಿಸಿ, ಒಳಗೆ ಬರುವಂತೆ ಬಾಗಿಲಿನತ್ತ ಕೈಸನ್ನೆ ಮಾಡಿದರು. ಕಾದರು. ಕೊನೆಗೆ, ಹಟಮಾಡುವ ಮಗುವಿಗೆ ಸೋತವರ ಹಾಗೆ, ಆಯಿತು ಹೋಗು ಎಂದು ತಲೆಯಾಡಿಸಿದರು.

ನಾನು ತಿರುಗಿ ನೋಡಿದೆ. ಹೊಸ್ತಿಲ ಮೇಲೆ ಬಿಸಿಲು, ಆಚೆ ನಾನು ಬಿಟ್ಟ ಚಪ್ಪಲಿ, ಅಷ್ಟೇ. ಸುಳ್ಳು ಯಾಕೆ ಹೇಳಲಿ, ಹೆದರಿದೆ.

ಮರಿಸ್ವಾಮಿ ಬಾಗಿಲ ಕಡೆ ತಿರುಗಲೇ ಇಲ್ಲ. ಅಷ್ಟು ಹೊತ್ತೂ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

"ಓದ್ಲಾ?" ಎಂದು ಕೇಳಿದರು.

"ಊಂ."

"ಊಟ ಮಾಡಿ ಸಾ, ಆರೋಯ್ತದೆ," ಎಂದು ಮರಿಸ್ವಾಮಿ ನನ್ನ ತಟ್ಟೆಯನ್ನು ಮುಂದಕ್ಕೆ ಸರಿಸಿದರು.

ಮಾರನೆಯ ದಿನ ಶಿಫ್ಟು ಶುರುವಾದಾಗ ಅವರು ಬ್ಲೆಂಡಿಂಗ್ ರೂಮಿನಲ್ಲಿದ್ದರು. ಮ್ಯಾನೇಜರನ್ನು ತಾವೇ ಕೇಳಿಕೊಂಡು ಹಳೆಯ ಜಾಗಕ್ಕೆ ಬಂದಿದ್ದರು. ನಾನು ಓಡಿಹೋಗಿ ಅವರ ಕೈ ಹಿಡಿದು ತಿರುಗಿಸಿ ನೋಡಿದೆ. ಉಗುರಿನ ತುದಿಯಲ್ಲಿ ಒಂದು ಗೆರೆಯಷ್ಟು ಹಳದಿ ಉಳಿದಿತ್ತು.

"ಏನ್ರೀ ಇದು? ಇನ್ನೊಂದೇ ಸಲ ಕತ್ತರಿಸಿದ್ರೆ ಮುಗೀತಿತ್ತಲ್ರೀ!"

"ಅದ್ಕೇ ಬಂದ್ಬುಟ್ಟೆ ಸಾ," ಎಂದರು. "ಅವರವ್ವನಿಗೆ ಬತ್ತಾಳೆ, ಬರ್ಲಿ. ಇಷ್ಟು ಅರಿಶಿನಾನೂ ಓದ್ಮ್ಯಾಲೆ ನನ್ ನೋಡಿ ತಿರುಗೋದ್ರೆ, ನಾನು ಇನ್ನೇನು ಅಂದ್ಕಳ್ಲಿ?"

ಅವರು ಇನ್ನೂ ಹಾಕಿಕೊಂಡಿರದ ಗ್ಲೌಸನ್ನು ಪಕ್ಕಕ್ಕಿಟ್ಟು, ಡ್ರಮ್ಮಿನ ಮುಚ್ಚಳ ತೆಗೆದು, ಬರಿಗೈಗಳನ್ನು ಮೊಣಕೈವರೆಗೆ ಅರಿಶಿನದೊಳಗೆ ಇಳಿಸಿದರು.