ಎಂಗುದಾಯಳ ಹರಕೆಯ ಗುಡಾಣ

ಅಡಾಮಾಕ್ಕೆ ಬಂದಿಳಿದ ದಿನವೇ ಎಂಗುದಾಯ್ ಗಂಡನ ಮೇಲೆ ರೇಗಿದಳು. "ಇದೇನು ಊರೋ ಬಾಣಲೆಯೋ? ನಿಂತಲ್ಲೇ ಹುರಿದುಹೋಗ್ತೀನಿ!" ಅಯಾಲ್ನೆಹ್ ಪಾಪ ಕೋರ್ಟಿನ ಗುಮಾಸ್ತ. ವರ್ಗ ಮಾಡಿದವರು ಅವನನ್ನು ಕೇಳಿ ಮಾಡಿದರೇ? ಆದರೆ ಗೊಜ್ಜಾಮಿನ ಬೆಟ್ಟದ ಮೇಲೆ, ಮಾರ್ಕೋಸಿನಲ್ಲಿ, ನಡುಮಧ್ಯಾಹ್ನವೂ ಶಾಲು ಹೊದ್ದು ಕೂರುತ್ತಿದ್ದ ಹೆಂಗಸಿಗೆ ಸಮಾಧಾನ ಹೇಳುವವರು ಯಾರು? ಅವನು ಲಾರಿಯಿಂದ ಸಾಮಾನು ಇಳಿಸಿದ. ಅವಳ ಅತ್ತೆಯ ಕಾಲದ ದೊಡ್ಡ ಗುಡಾಣ ದಾರಿಯಲ್ಲೇ ಒಡೆದು ಮೂರು ಚೂರಾಗಿತ್ತು. ಅದನ್ನು ನೋಡಿ ಅವಳು ರೇಗುವುದನ್ನೂ ಬಿಟ್ಟು ಅಲ್ಲೇ ಕುಸಿದು ಕೂತಳು.

ತೆಲ್ಲಾ ಎಂಬ ಬಾರ್ಲಿಯ ಮದ್ಯ ಹುದುಗಿಸುವ ಆ ಗುಡಾಣವೆಂದರೆ ಬರೀ ಮಣ್ಣಲ್ಲ, ಹರಕೆಯ ಮಾತು. ಮಗಳು ಬಿರ್ಕೆ ಮೂರು ತಿಂಗಳ ಕೂಸಾಗಿದ್ದಾಗ ದಡಾರ ಎದ್ದು, ಇನ್ನೇನು ಕೈಬಿಟ್ಟಳು ಅನ್ನುವ ಹೊತ್ತಿನಲ್ಲಿ ಎಂಗುದಾಯ್ ದೇವದೂತನಿಗೆ ಸೆರಗೊಡ್ಡಿ ಬೇಡಿದ್ದಳು: "ನನ್ನಪ್ಪ ಮಿಕಾಯೇಲ, ಇವಳನ್ನ ಉಳಿಸಿಕೊಡು. ವರ್ಷಾ ವರ್ಷಾ ನಿನ್ನ ಹಬ್ಬಕ್ಕೆ ತೆಲ್ಲಾ ಮಾಡಿ ನೆರೆಹೊರೆಗೆ ಕುಡಿಸ್ತೀನಿ. ಕೊಂಡು ತಂದಿದ್ದಲ್ಲ, ಮನೇಲೇ ಮಾಡಿದ್ದು." ಕೂಸು ಉಳಿಯಿತು. ಈಗ ಮಾರ್ಕೋಸಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಮೇಷ್ಟ್ರ ಓದು ಓದುತ್ತಿದೆ. ಹತ್ತೊಂಬತ್ತು ವರ್ಷ ಹಿದಾರ್ ತಿಂಗಳ ಹನ್ನೆರಡನೆಯ ದಿನ ಆ ಮನೆಯಲ್ಲಿ ತೆಲ್ಲಾ ತಪ್ಪಿರಲಿಲ್ಲ. ತಪ್ಪಿದರೆ ಮಗಳಿಗೇನಾದರೂ ಆದೀತು ಎಂದು ತಾಯಿಗೆ ಹೆದರಿಕೆ.

ಮಾರನೆಯ ವಾರವೇ ಸಂತೆಗೆ ಹೋದಳು. ಬಾರ್ಲಿ ಸಿಕ್ಕಿತು, ಹೊಸ ಗುಡಾಣವೂ ಸಿಕ್ಕಿತು. ತೆಲ್ಲಾಕ್ಕೆ ಕಹಿ ಕೊಡುವ ಗೇಶೋ ಎಲೆ ಮಾತ್ರ ಎಲ್ಲೂ ಇಲ್ಲ. ಮಸಾಲೆ ಮಾರುವ ಮುದುಕಿ ಗೇಶೋ ಕಡ್ಡಿಯ ಕಟ್ಟು ತೋರಿಸಿದಳು.

"ಕಡ್ಡಿ ಜೇನಿನ ಮದ್ಯಕ್ಕೆ ಹಾಕೋದಮ್ಮಾ. ನನಗೆ ಎಲೆ ಬೇಕು."

"ಎಲೆ ಬೇಕಿದ್ರೆ ಶಶಿತು ಹತ್ರ ಹೋಗು. ಬಸ್ ನಿಲ್ದಾಣದ ಹಿಂದೆ, ಕೋಲಿನ ಮೇಲೆ ಡಬ್ಬ ಬೋರಲು ಹಾಕಿರೋ ಮನೆ."

ಕೋಲಿನ ಮೇಲೆ ಡಬ್ಬವೆಂದರೆ ತೆಲ್ಲಾ ಮಾರುವ ಮನೆ. ಎಂಗುದಾಯಳ ಮೂಗು ತಾನಾಗಿ ಮೇಲೇರಿತು. ಆದರೂ ಹೋದಳು. ಹೊತ್ತು ಏರುವ ಮುಂಚೆಯೇ ಬೆಂಚಿನ ಮೇಲೆ ನಾಲ್ಕು ಜನ ಗಾಡಿಯವರು ಲೋಟ ಹಿಡಿದು ಕೂತಿದ್ದರು. ಒಳಗಿಂದ ಬಂದ ಶಶಿತು ದಪ್ಪ ಮೈಯವಳು, ನಗು ಇನ್ನೂ ದಪ್ಪ.

"ಬಾ ಅಕ್ಕಾ, ಕೂತ್ಕೋ. ಹೊಸಬಳಾ? ನೀನೂ ಅಂಗಡಿ ಇಡ್ತೀಯೇನು?"

"ನಾನಾ? ನನ್ನ ಗಂಡ ಕೋರ್ಟಿನಲ್ಲಿರೋದು. ನಾವು ತೆಲ್ಲಾ ಮಾರೋ ಪೈಕಿ ಅಲ್ಲ."

ಗಾಡಿಯವರು ಲೋಟದೊಳಗೆ ಮುಖ ಮುಚ್ಚಿಕೊಂಡರು. ಶಶಿತು ನಗುತ್ತಲೇ ಒಳಗೆ ಹೋಗಿ ಒಂದು ಚೀಲ ಎಲೆ ತಂದುಕೊಟ್ಟಳು. "ತಗೋ. ಆದ್ರೆ ಒಂದು ಮಾತು ಅಕ್ಕಾ, ಇಲ್ಲಿಯ ಬಿಸಿಲು..."

"ಹತ್ತೊಂಬತ್ತು ವರ್ಷದಿಂದ ಮಾಡ್ತಿದೀನಮ್ಮಾ," ಎಂದು ಎಂಗುದಾಯ್ ಹೊರಟೇಬಿಟ್ಟಳು. ಪುಣ್ಯಾತಗಿತ್ತಿ, ಆ ಮಾತು ಪೂರ್ತಿ ಕೇಳಿಸಿಕೊಂಡಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

ಮಾರ್ಕೋಸಿನಲ್ಲಿ ಮಾಡಿದಂತೆಯೇ ಎಲ್ಲ ಮಾಡಿದಳು. ಎಲೆ ನೆನೆಸಿದಳು, ಮೊಳಕೆ ಬಾರ್ಲಿ ಬೆರೆಸಿದಳು, ಗುಡಾಣದ ಬಾಯಿಗೆ ಮಣ್ಣು ಮೆತ್ತಿ ಒಲೆಯ ಪಕ್ಕದಲ್ಲಿ ಬೆಚ್ಚಗೆ ಕೂರಿಸಿದಳು. ಅಲ್ಲಿಯ ಚಳಿಯಲ್ಲಿ ಹದಿನಾಲ್ಕು ದಿನ ಬೇಕಿತ್ತು, ಇಲ್ಲಿಯೂ ಹದಿನಾಲ್ಕು ಎಣಿಸಿದರೆ ಹಬ್ಬಕ್ಕೆ ಸರಿಯಾಗಿ ಆಗುತ್ತದೆ ಎಂಬ ಲೆಕ್ಕ. ಆರನೆಯ ದಿನ ಮಣ್ಣು ಬಿರಿಯಿತು. ಮನೆಯೆಲ್ಲ ಹುಳಿ ನಾತ. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡವಳ ಕಣ್ಣು ಮುಚ್ಚಿಹೋಯಿತು. ಪೂರ್ತಿ ಹುಳಿಯಾಗಿತ್ತು, ಬಾಯಿಗಿಡುವ ಹಾಗಿರಲಿಲ್ಲ.

ಗುಡಾಣ ತಬ್ಬಿಕೊಂಡು ಅತ್ತಳು. ಅಯಾಲ್ನೆಹ್ ಮೆಲ್ಲಗೆ, "ಕೊಂಡು ತರೋಣ ಕಣೇ, ಯಾರಿಗೆ ಗೊತ್ತಾಗುತ್ತೆ?" ಅಂದ.

"ಮಿಕಾಯೇಲನಿಗೆ ಗೊತ್ತಾಗಲ್ವಾ? ನಿಮಗೆ ಮಗಳು ಬೇಕೋ ಬೇಡ್ವೋ?" ಅವನು ಗುಡಾಣ ಹೊತ್ತು ಹುಳಿಯನ್ನೆಲ್ಲ ಹಿತ್ತಿಲಲ್ಲಿ ಚೆಲ್ಲಿ ಬಂದ.

ಹಬ್ಬಕ್ಕೆ ಎಂಟು ದಿನ ಉಳಿದಿತ್ತು. ಎಂಗುದಾಯ್ ಶಾಲಿನಲ್ಲಿ ಮುಖ ಮರೆಸಿಕೊಂಡು ಡಬ್ಬದ ಮನೆಗೆ ಹೋಗಿ ಬಾಗಿಲಲ್ಲೇ ನಿಂತಳು. ಶಶಿತು ಅವಳನ್ನು ಮೇಲಿಂದ ಕೆಳಗೆ ನೋಡಿ ಮೂಗೆಳೆದುಕೊಂಡಳು.

"ಹುಳಿಯಾಯ್ತಾ? ನಿನ್ನ ಸೆರಗಿನಿಂದಲೇ ವಾಸನೆ ಹೊಡೀತಿದೆ!"

ಎಂಗುದಾಯಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಹರಕೆಯ ಕಥೆಯನ್ನೆಲ್ಲ ಅಲ್ಲೇ ಹೇಳಿಕೊಂಡಳು. "ಅವತ್ತು ಬಾಯಿಗೆ ಬಂದ ಹಾಗೆ ಆಡ್ದೆ. ಹೊಟ್ಟೆಗೆ ಹಾಕ್ಕೋ ತಂಗೀ."

"ಬಿಡಕ್ಕಾ. ನಾನು ವೊಲ್ಲೋ ಬೆಟ್ಟದಿಂದ ಇಲ್ಲಿಗೆ ಬಂದಾಗ ನಂದೂ ಹುಳಿಯಾಗಿತ್ತು. ಯಾರಿಗೂ ಹೇಳ್ದೆ ಚೆಲ್ಲಿ, ಒಬ್ಬಳೇ ಕೂತು ಅತ್ತಿದ್ದೆ. ಹೇಳೋದಕ್ಕೆ ಯಾರಿದ್ರು? ಈಗ ಏಳು. ಎಲೆ ಎರಡೂವರೆ ದಿನ ನೆನೀಲಿ, ಮೆತ್ತಿದ ಮೇಲೆ ಐದೇ ದಿನ ಸಾಕು. ಒಲೆ ಹತ್ರ ಅಲ್ಲ ಮಾರಾಯ್ತಿ, ನೆರಳಲ್ಲಿ, ಒದ್ದೆ ಗೋಣಿ ಸುತ್ತಿ!"

ಹುಳಿ ಹಿಡಿದ ಗುಡಾಣ ಬೇಡವೆಂದು ತನ್ನ ಹಳೆಯ ಗುಡಾಣವನ್ನು ಕತ್ತೆಗಾಡಿಯಲ್ಲಿ ಹೇರಿಕೊಂಡು ಅವಳೇ ಬಂದಳು. ಹಿತ್ತಿಲಲ್ಲಿ ಕಾಡು ಆಲಿವ್ ಕಟ್ಟಿಗೆಯ ಹೊಗೆಯ ಮೇಲೆ ಗುಡಾಣ ಬೋರಲು ಹಾಕಿ, ಇಬ್ಬರೂ ಕಣ್ಣೊರೆಸಿಕೊಳ್ಳುತ್ತಾ ಬಾರ್ಲಿಯನ್ನು ಕಾಫಿ ಬಣ್ಣ ಬರುವವರೆಗೆ ಹುರಿದರು. ಒಬ್ಬಳು ಬಾರ್ಲಿ ರೊಟ್ಟಿ ಮುರಿದು ಗುಡಾಣಕ್ಕೆ ಹಾಕಿದರೆ ಇನ್ನೊಬ್ಬಳು ಕಲಸಿದಳು. "ಗೊಜ್ಜಾಮಿನವರು ಕಲಸೋದು ನೋಡು, ಕೂಸಿಗೆ ಎಣ್ಣೆ ಹಚ್ಚಿದ ಹಾಗೆ!" ಎಂದು ಶಶಿತು ಛೇಡಿಸಿದಳು. "ವೊಲ್ಲೋದವರ ಬಾಯಿಗೂ ಸ್ವಲ್ಪ ಮಣ್ಣು ಮೆತ್ತಬೇಕು," ಅಂದಳು ಇವಳು. ಅಡಾಮಾಕ್ಕೆ ಬಂದ ಮೇಲೆ ಎಂಗುದಾಯ್ ಹೊಟ್ಟೆ ತುಂಬ ನಕ್ಕಿದ್ದು ಅದೇ ಮೊದಲು.

"ಹಬ್ಬದ ದಿನ ನೀನು ಬರಲೇಬೇಕು," ಅಂದಳು ಎಂಗುದಾಯ್.

ಶಶಿತುವಿನ ಕೈ ನಿಂತಿತು. "ಬೇಡಕ್ಕಾ. ಈ ಊರಲ್ಲಿ ಎಷ್ಟು ಮದುವೆಗೆ ಮಾಡಿಕೊಟ್ಟಿದೀನೋ! ಹಿತ್ತಲ ಬಾಗಿಲಲ್ಲಿ ಕೊಟ್ಟು ಬರೋದಷ್ಟೆ. ಯಾರೂ ಒಳಗೆ ಕರೆದಿಲ್ಲ. ನಿನ್ನ ಕೋರ್ಟಿನ ನೆಂಟರ ಮುಂದೆ ನಿನಗ್ಯಾಕೆ ಕಸಿವಿಸಿ?"

ಎಂಗುದಾಯ್ ಬಾಯಲ್ಲಿ ಬಾ ಬಾ ಅಂದಳು. ಒಳಗೊಳಗೆ, ಅವಳು ಬಾರದಿದ್ದರೆ ಸುಲಭವಾಯಿತು ಅಂತಲೂ ಅನ್ನಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಹಬ್ಬ ಬಂತು. ಪಾದ್ರಿ ರೊಟ್ಟಿ ಹರಸಿದರು. ನೆರೆಯವರು, ಕೋರ್ಟಿನವರ ಹೆಂಡಂದಿರು ನೆಲದ ತುಂಬ ಕೂತಿದ್ದರು. ನಡುವೆ ನ್ಯಾಯಾಧೀಶರ ಹೆಂಡತಿ ಮುಲುವರ್ಕ್. ಗುಡಾಣದ ಮಣ್ಣು ಒಡೆದೊಡನೆ ಹೊಗೆಯ ಸುವಾಸನೆ ಕೋಣೆ ತುಂಬಿತು.

"ಆಹಾ! ಇಷ್ಟು ಬೇಗ ಇಲ್ಲಿಯ ಹದ ಹೇಗೆ ಹಿಡಿದ್ರಿ?" ಅಂದಳು ಮುಲುವರ್ಕ್. "ಆ ಬಸ್ ನಿಲ್ದಾಣದವಳ ಹತ್ರ ತರಿಸಿಲ್ಲ ತಾನೇ?"

ಎಲ್ಲರೂ ನಕ್ಕರು. ಎಂಗುದಾಯ್ ಕೈಯಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಬಡಿಸುವವಳು ಮೊದಲು ಅಂಗೈಗೆ ಒಂದಿಷ್ಟು ಸುರಿದುಕೊಂಡು ಎಲ್ಲರೆದುರು ಕುಡಿಯಬೇಕು. ನನ್ನ ಮನೆಯದು, ನನ್ನ ಕೈಯದು, ನಂಬಿ ಕುಡಿಯಿರಿ ಎಂದು ಅದರ ಅರ್ಥ. ಅವಳು ಅಂಗೈ ಚಾಚಿದಳು. ಬಿರ್ಕೆಯ ಮುಖ ಕಣ್ಣ ಮುಂದೆ ಬಂತು. ಮಗಳ ಉಸಿರಿಗೆ ಕೊಟ್ಟ ಮಾತಿನಲ್ಲಿ ಸುಳ್ಳು ಬೆರೆಸುವುದೇ? ಅಂಗೈ ಮಡಚಿಕೊಂಡು ಹಿತ್ತಿಲಿಗೆ ಹೋದಳು.

ಖಾಲಿ ಗೋಣಿಗಳನ್ನು ಒಯ್ಯುವ ನೆಪದಲ್ಲಿ ಶಶಿತು ಬೇಲಿಯ ಹತ್ತಿರ ನಿಂತಿದ್ದಳು. ತೆಲ್ಲಾ ಹೇಗಾಗಿದೆಯೋ ಎಂಬ ಆತಂಕ ಅವಳಿಗೂ ಇತ್ತು. ಎಂಗುದಾಯ್ ಅವಳ ರಟ್ಟೆ ಹಿಡಿದು ಒಳಗೆಳೆದು ತಂದು ಎಲ್ಲರ ನಡುವೆ ನಿಲ್ಲಿಸಿದಳು.

"ನಾನು ಮಾಡಿದ್ದು ಹುಳಿಯಾಗಿ ಚೆಲ್ಲಿಹೋಯ್ತು. ಇದನ್ನ ಈ ನನ್ನ ತಂಗಿ ಕೈ ಹಿಡಿದು ಕಲಿಸಿ ಮಾಡಿಸಿದ್ದು. ಹಿಡಿ ಶಶಿತು, ಅಂಗೈ ಹಿಡಿ."

ಎಂಗುದಾಯ್ ತಂಬಿಗೆ ಬಗ್ಗಿಸಿದಳು. ಸಾವಿರ ಸಲ ಮಾಡಿದ ಕೆಲಸವೇ ಆದರೂ ಶಶಿತುವಿನ ಅಂಗೈಯಿಂದ ಅರ್ಧ ತೆಲ್ಲಾ ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಕುಡಿದು, ಒದ್ದೆ ಅಂಗೈಯನ್ನು ಎದೆಗೊತ್ತಿಕೊಂಡಳು.

"ಬಿರ್ಕೆ ನೂರು ವರ್ಷ ಬಾಳಲಿ," ಅಂದಳು.

"ಆಮೆನ್," ಎಂದರು ಪಾದ್ರಿ. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಅಂದರು. ಮುಲುವರ್ಕ್ ಕೊನೆಗೆ ಅಂದಳು, ಆದರೂ ಅಂದಳು. ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ತನ್ನ ಬದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.